‘ನಮಗೆ ಓದು ಬರಲ್ಲ ಮೇಡಂ’ ಅನ್ನುವ ಅಪ್ಪ ಅಮ್ಮಂದಿರಿಗೆ

ಒಂದರಿಂದ ಐದನೇ ತರಗತಿವರೆಗಿನ ಮಕ್ಕಳ ಕಲಿಕೆಗೆ ಮನೆಯವರು ಏನು ಮಾಡಬಹುದು ಅನ್ನೋದು ಇವತ್ತಿನ ವಿಷಯ. ಅದರಲ್ಲೂ ಶಾಲೆಗೇ ಹೋಗದ, ಅಥವಾ ಅರ್ಧಕ್ಕೆ ಬಿಟ್ಟ ಅಪ್ಪ ಅಮ್ಮಂದಿರಿಗೆ ಹೇಳಬೇಕಾದ ಮಾತು. ನಾನು ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ನಾಲ್ಕು, ಐದನೇ ತರಗತಿಗೆ ಪಾಠ ಮಾಡ್ತೀನಿ. ಪೋಷಕರ ಸಭೆಯಲ್ಲಿ ಹಿಂದಿನ ಸಾಲಲ್ಲಿ ಕೂತು, ಒಂದು ಮಾತೂ ಆಡದೆ, ಹೋಗುವಾಗ ಬಾಗಿಲ ಹತ್ತಿರ ನಿಂತು “ನಮಗೆ ಓದು ಬರಲ್ಲ ಮೇಡಂ, ನೀವೇ ನೋಡ್ಕೊಳ್ಳಿ” ಅಂತ ಹೇಳಿ ಹೋಗುವ ತಾಯಂದಿರನ್ನು ಪ್ರತಿ ವರ್ಷ ನೋಡ್ತೀನಿ. ಅದರಲ್ಲಿ ನಂಬಿಕೆ ಇದೆ, ಸಂಕೋಚವೂ ಇದೆ. ಆ ಸಂಕೋಚ ಬೇಡ ಅಂತ ಹೇಳೋಕೆ ಕೂತಿದ್ದೀನಿ.

ಲೆಕ್ಕದಿಂದ ಶುರು ಮಾಡೋಣ, ಯಾಕಂದ್ರೆ ಅಲ್ಲಿ ವಿಷಯ ಕಣ್ಣಿಗೆ ಕಾಣುತ್ತೆ.

ನಾಲ್ಕನೇ ತರಗತಿಯ ಮಗುವಿಗೆ 52ರಲ್ಲಿ 27 ಕಳೆ ಅಂತ ಬೋರ್ಡ್ ಮೇಲೆ ಬರೆದುಕೊಡಿ. ತುಂಬಾ ಮಕ್ಕಳು 35 ಅಂತ ಬರೀತಾರೆ. ಗಮನ ಇಲ್ಲದೆ ಬರೆದದ್ದಲ್ಲ ಅದು. 2ರಲ್ಲಿ 7 ಹೋಗಲ್ಲ, ಅದಕ್ಕೆ ತಿರುಗಿಸಿ 7ರಲ್ಲಿ 2 ಕಳೆದು 5 ಬರೀತಾರೆ. ಆಮೇಲೆ 5ರಲ್ಲಿ 2 ಹೋದರೆ 3. ದೊಡ್ಡದರಿಂದ ಚಿಕ್ಕದು ಕಳೀಬೇಕು ಅಂತ ಮಗು ತಾನೇ ಒಂದು ನಿಯಮ ಮಾಡ್ಕೊಂಡಿದೆ. ನಾವು ಶಾಲೆಯಲ್ಲಿ “ಪಕ್ಕದ ಮನೆಯಿಂದ ಸಾಲ ತಗೋ” ಅಂತ ಹೇಳ್ಕೊಡ್ತೀವಿ. (ಒಬ್ಬ ಹುಡುಗ ಕೇಳಿದ್ದ, “ಆ ಸಾಲ ವಾಪಸ್ ಯಾವಾಗ ಕೊಡೋದು ಮಿಸ್?” ನ್ಯಾಯವಾದ ಪ್ರಶ್ನೆ.)

ಅದೇ ಮಗು ಅಂಗಡಿಯಲ್ಲಿ 27 ರೂಪಾಯಿ ಸಾಮಾನು ತಗೊಂಡಾಗ ಚಿಲ್ಲರೆ ಕಮ್ಮಿ ಬಂದರೆ ಜಗಳಕ್ಕೇ ನಿಲ್ಲುತ್ತೆ. ಅಂದ್ರೆ ಲೆಕ್ಕ ಬರುತ್ತೆ. ಅಂಗಡಿಯ ಲೆಕ್ಕಕ್ಕೂ ನೋಟ್‌ಬುಕ್ಕಿನ ಲೆಕ್ಕಕ್ಕೂ ಸಂಬಂಧ ಇದೆ ಅಂತ ಗೊತ್ತಿಲ್ಲ, ಅಷ್ಟೆ. ಆ ಸಂಬಂಧ ಮನೆಯಲ್ಲೇ ತೋರಿಸಬಹುದು. ಮಗುವಿನ ಕೈಗೆ ಹತ್ತು ರೂಪಾಯಿಯ ಐದು ನೋಟು, ಒಂದು ರೂಪಾಯಿಯ ಎರಡು ನಾಣ್ಯ ಕೊಡಿ. ನಿಮ್ಮ ಹತ್ತಿರ ಹತ್ತು ನಾಣ್ಯ ಇಟ್ಕೊಳ್ಳಿ. “ನನಗೆ ಇಪ್ಪತ್ತೇಳು ಕೊಡು” ಅನ್ನಿ. ಎರಡು ನೋಟು ಕೊಡುತ್ತೆ. ಇನ್ನು ಏಳು ಬೇಕು, ಕೈಯಲ್ಲಿರೋದು ಎರಡು. ಆಗ ಮಗುವೇ “ಚಿಲ್ಲರೆ ಕೊಡಮ್ಮ” ಅನ್ನುತ್ತೆ. ಒಂದು ನೋಟು ತಗೊಂಡು ಹತ್ತು ನಾಣ್ಯ ಕೊಡಿ. ಈಗ ಹನ್ನೆರಡು ನಾಣ್ಯ, ಅದರಲ್ಲಿ ಏಳು ನಿಮಗೆ. ಉಳಿದದ್ದು ಎರಡು ನೋಟು, ಐದು ನಾಣ್ಯ. 25. ಸಾಲ ಅಂತ ನಾವು ಹೇಳೋದು ನಿಜವಾಗಿ ಸಾಲ ಅಲ್ಲ, ನೋಟು ಮುರಿಸಿ ಚಿಲ್ಲರೆ ಮಾಡೋದು. ಇದನ್ನ ಮಾಡುವಾಗಲೇ ಪಕ್ಕದಲ್ಲಿ ನೋಟ್‌ಬುಕ್ ಇಟ್ಟು, ಪ್ರತಿ ಹೆಜ್ಜೆಯನ್ನೂ ಬರೀತಾ ಹೋಗು ಅನ್ನಿ. ಬರೆಯೋದು ಮಗುವಿನ ಕೆಲಸ. ನಿಮ್ಮದು ಚಿಲ್ಲರೆ ಕೊಡೋದು, ಅಷ್ಟೇ.

ಈಗ ಎಲ್ಲಾ ಕಡೆ ಫೋನ್‌ಪೇ. ಮಕ್ಕಳ ಕೈಗೆ ದುಡ್ಡೇ ಬರ್ತಿಲ್ಲ. ಹಿಂದೆ ಅಂಗಡಿಗೆ ಓಡಾಡುವಾಗ ತಾನಾಗೇ ಆಗ್ತಿದ್ದ ಈ ಅಭ್ಯಾಸವನ್ನ ಈಗ ಬೇಕಂತಲೇ ಮಾಡಿಸಬೇಕಾಗಿದೆ.

ನಮ್ಮ ಶಾಲೆಯ ಒಬ್ಬ ತಾಯಿ ಹೂವು ಕಟ್ಟಿ ಮಾರ್ತಾರೆ. ಅವರ ಮಗಳು ತರಗತಿಯಲ್ಲಿ ಚುರುಕು. “ನಮ್ಮಮ್ಮನಿಗೆ ಏನೂ ಬರಲ್ಲ ಮಿಸ್” ಅಂತ ಸಲೀಸಾಗಿ ಹೇಳ್ತಿದ್ಲು. ಒಂದು ಸಭೆಯಲ್ಲಿ ಮಕ್ಕಳಿಗೂ ಪೋಷಕರಿಗೂ ಒಟ್ಟಿಗೆ ಕೇಳ್ದೆ: ಮೊಳಕ್ಕೆ 15 ರೂಪಾಯಿ ಆದ್ರೆ ಏಳು ಮೊಳಕ್ಕೆ ಎಷ್ಟು? ಮಕ್ಕಳು ಪೆನ್ಸಿಲ್ ಹುಡುಕ್ತಿದ್ರು. ಹಿಂದಿನ ಸಾಲಿಂದ ಆಕೆ “ನೂರಾ ಐದು” ಅಂದ್ರು. ಹೇಗೆ ಅಂತ ಕೇಳಿದ್ದಕ್ಕೆ, ಎರಡು ಮೊಳಕ್ಕೆ ಮೂವತ್ತು, ಆರಕ್ಕೆ ತೊಂಬತ್ತು, ಮೇಲೊಂದು ಅಂದ್ರು. ಗುಣಾಕಾರವನ್ನ ಬಿಡಿಸಿ ಮಾಡುವ ಈ ಉಪಾಯ ಮಕ್ಕಳಿಗೆ ಕಲಿಸೋಕೆ ನಾವು ಎಷ್ಟು ದಿನ ಒದ್ದಾಡ್ತೀವಿ ಗೊತ್ತಾ? ಆ ಹುಡುಗಿ ಹಿಂದೆ ತಿರುಗಿ ಅಮ್ಮನನ್ನೇ ನೋಡ್ತಿದ್ಲು. ನನಗೆ ಚಿಂತೆ ಇರೋದು ಇದೇ. ಅಮ್ಮನಿಗೆ ಏನೂ ಗೊತ್ತಿಲ್ಲ ಅಂತ ಒಂಬತ್ತು ವರ್ಷಕ್ಕೇ ತೀರ್ಮಾನ ಮಾಡಿದ ಮಗು ಆಮೇಲೆ ಮನೆಯಲ್ಲಿ ಯಾವ ಪ್ರಶ್ನೆಯನ್ನೂ ಕೇಳಲ್ಲ.

ಇನ್ನು ಓದು. ನಮ್ಮಲ್ಲಿ ಒಂದರಿಂದ ಮೂರರವರೆಗೆ ನಲಿ-ಕಲಿ ಇದೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದದ್ದು. ಕಾರ್ಡುಗಳು, ಗುಂಪುಗಳು, ಮಗು ತನ್ನ ವೇಗದಲ್ಲಿ ಮೆಟ್ಟಿಲು ಹತ್ತುತ್ತೆ. ನಾಲ್ಕಕ್ಕೆ ಬಂದಾಗ ಉದ್ದುದ್ದ ಪಾಠಗಳ ಪುಸ್ತಕ ಕೈಗೆ ಬರುತ್ತೆ. ಹಲವರು ಎಡವೋದು ಅಲ್ಲೇ. ‘ಮ, ಳೆ, ಗಾ, ಲ, ದ, ಲ್ಲಿ’ ಅಂತ ಒಂದೊಂದೇ ಅಕ್ಷರ ಹಿಡಿದು ಓದುವ ಮಗುವಿಗೆ, ‘ಲ್ಲಿ’ಗೆ ಬರುವಷ್ಟರಲ್ಲಿ ‘ಮಳೆ’ ಮರೆತೇ ಹೋಗಿರುತ್ತೆ. ಅಕ್ಷರ ಬರುತ್ತೆ, ಅರ್ಥ ಬರಲ್ಲ.

ಇದಕ್ಕೆ ಒಂದೇ ಪುಟವನ್ನ ಮೂರು ದಿನ ಗಟ್ಟಿಯಾಗಿ ಓದಿಸಿ. ದಿನಕ್ಕೆ ಹತ್ತು ನಿಮಿಷ ಸಾಕು. ಅಮ್ಮ ರೊಟ್ಟಿ ತಟ್ತಾ ಕೇಳಿಸ್ಕೊಳ್ಳಲಿ. ಅಕ್ಷರ ಬರದಿದ್ದರೇನು, ಭಾಷೆ ಬರುತ್ತಲ್ಲ. ಮಗು ತಪ್ಪಾಗಿ ಓದಿದ್ರೆ ವಾಕ್ಯ ಕಿವಿಗೆ ಸರಿಹೋಗಲ್ಲ. “ಏನಂದೆ? ಅರ್ಥ ಆಗ್ಲಿಲ್ಲ, ಇನ್ನೊಂದ್ಸಲ ಓದು” ಅಂದ್ರೆ ಮಗು ತಾನೇ ಹಿಂದೆ ಹೋಗಿ ಸರಿ ಮಾಡ್ಕೊಳ್ಳುತ್ತೆ. ಆಮೇಲೆ “ಅವನು ಯಾಕೆ ಹಾಗೆ ಮಾಡಿದ?” ಅಂತ ಕೇಳಿ. ಪಾಠವನ್ನ ಐದು ಸಲ ನೋಡಿ ಬರೆಸೋದರಿಂದ ಇದು ಯಾವುದೂ ಆಗಲ್ಲ. ಬೆರಳು ನೋಯುತ್ತೆ, ಅಷ್ಟೆ.

ಇಂಗ್ಲಿಷ್ ಮೀಡಿಯಂ ಮಕ್ಕಳ ಮನೆಗಳಲ್ಲಿ ಸಂಕೋಚ ಇನ್ನೂ ಜಾಸ್ತಿ. 2019ರಿಂದ ಸರ್ಕಾರಿ ಶಾಲೆಗಳಲ್ಲೂ ಆಂಗ್ಲ ಮಾಧ್ಯಮ ವಿಭಾಗಗಳು ಬಂದಿವೆ. ಅಪ್ಪ ಅಮ್ಮ ಪಾಠದ ಬಗ್ಗೆ ಮಾತಾಡೋದನ್ನೇ ನಿಲ್ಲಿಸಿ, ಟ್ಯೂಷನ್‌ಗೆ ಕಳಿಸ್ತಾರೆ. ಅಲ್ಲಿ ಹೋಂವರ್ಕ್ ಮುಗಿಯುತ್ತೆ, ಅರ್ಥ ಆಯ್ತೋ ಇಲ್ವೋ ಯಾರೂ ಕೇಳಲ್ಲ. ನೀವು ಕೇಳಿ: “ಇವತ್ತು ಏನು ಹೇಳಿಕೊಟ್ರು, ನನಗೆ ನಮ್ಮ ಭಾಷೇಲಿ ಹೇಳು.” ಕನ್ನಡ ಇರಬಹುದು, ಪಾವಗಡದ ಕಡೆ ತೆಲುಗು, ತಾಂಡಾದಲ್ಲಿ ಲಂಬಾಣಿ, ಯಾವುದಾದ್ರೂ ಸರಿ. ಹೇಳೋಕೆ ಬರದಿದ್ರೆ ಮಗು ಬಾಯಿಪಾಠ ಮಾಡಿದೆ ಅಂತ ತಿಳ್ಕೊಳ್ಳಿ, ಮಾರನೇ ದಿನ ಶಾಲೆಗೆ ಬಂದು ನಮಗೆ ಹೇಳಿ.

ಶಾಲೆ ಬಿಟ್ಟ ಮೇಲೆ ಎಲ್ಲಿಗೆ ಕಳಿಸೋದು? ಗ್ರಾಮ ಪಂಚಾಯಿತಿ ಗ್ರಂಥಾಲಯ ಇದೆಯಲ್ಲ, ಈಗ ಅರಿವು ಕೇಂದ್ರ ಅಂತಾರೆ. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ‘ಓದುವ ಬೆಳಕು’ ಅಂತ ಶುರು ಮಾಡಿ, 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ರು. ಅದೇ ವರ್ಷ ನಾವು ವಿದ್ಯಾಗಮದಲ್ಲಿ ಗುಡಿ ಜಗಲಿ, ಮರದ ಕೆಳಗೆ ಪಾಠ ಮಾಡ್ತಿದ್ವಿ. ದಾರೀಲಿ ಹೋಗೋರು ನಿಂತು ಪಾಠ ಹೇಗೆ ಮಾಡ್ತಾರೆ ಅಂತ ನೋಡ್ತಿದ್ರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದು ನಿಂತಿತು. ಕೊರೋನಾ ಬೇಡ, ಆ ಜಗಲಿ ಮಾತ್ರ ಉಳೀಬೇಕಿತ್ತು ಅಂತ ನನಗೆ ಈಗಲೂ ಅನ್ಸುತ್ತೆ. ಪಂಚಾಯಿತಿ ಮಟ್ಟದಲ್ಲಿ ನಾಲ್ಕರಿಂದ ಆರನೇ ತರಗತಿಯವರಿಗೆ ಗಣಿತ ಸ್ಪರ್ಧೆ ನಡೆದಾಗಲೂ ಹೋಗಿ ಬನ್ನಿ. ಬಹುಮಾನ ಯಾರಿಗೆ ಬಂತು ಅನ್ನೋದಕ್ಕಿಂತ, ನಿಮ್ಮ ಮಗು ಯಾವ ಲೆಕ್ಕದಲ್ಲಿ ತಪ್ಪಿತು ಅಂತ ಕೇಳಿ.

ಅರಿವು ಕೇಂದ್ರ ಯಾವ ಹೊತ್ತಿಗೆ ತೆರೆದಿರುತ್ತೆ ಅಂತ ನಾಳೆಯೇ ವಿಚಾರಿಸಿ. ನೀವು ಕೂಲಿಗೆ ಹೋದ್ರೆ ಅಜ್ಜಿ ಕರ್ಕೊಂಡು ಹೋಗಲಿ. ಚಿತ್ರ ಜಾಸ್ತಿ ಇರೋ ಒಂದು ಪುಸ್ತಕ ಮಗುವೇ ಆರಿಸ್ಕೊಂಡು, ಅಲ್ಲೇ ಬೆಂಚಿನ ಮೇಲೆ ಅಜ್ಜಿಗೆ ಓದಿ ಹೇಳಲಿ.