ದ್ವೀಪದವರ ಯೋಜನೆಯೂ ನಮ್ಮ ಜಿಲ್ಲೆಯ ಯೋಜನೆಯೂ
(ಹೊಸೂರಿನ ಕಾರ್ಮಿಕರ ಕೂಟದಲ್ಲಿ ಮಾಡಿದ ಭಾಷಣ)



ಪೆಸಿಫಿಕ್ ಸಾಗರದ ನಡುವೆ ಟುವಾಲು ಎಂಬ ದೇಶವಿದೆ. ಒಂಬತ್ತು ಸಣ್ಣ ದ್ವೀಪಗಳು. ಜನ ಹೆಚ್ಚುಕಡಿಮೆ 11,000. ನಮ್ಮ ಸಿಪ್ಕಾಟ್ ಕಾರ್ಖಾನೆಗಳ ಕೆಲಸಗಾರರೇ ಅದಕ್ಕಿಂತ ಹೆಚ್ಚಿದ್ದಾರೆ. ಅಲ್ಲಿ ಹೊಳೆಯಿಲ್ಲ. ಸೂರಿನ ಮೇಲೆ ಬಿದ್ದ ಮಳೆಯನ್ನು ತೊಟ್ಟಿಯಲ್ಲಿ ಹಿಡಿದು ಕುಡಿಯುತ್ತಾರೆ. 2011ರ ಸೆಪ್ಟೆಂಬರಿನಲ್ಲಿ ಮಳೆ ಕೈಕೊಟ್ಟು, ತೊಟ್ಟಿಗಳು ಬತ್ತಿ, ಸರ್ಕಾರ ತುರ್ತು ಪರಿಸ್ಥಿತಿ ಸಾರಬೇಕಾಯಿತು. ಸಮುದ್ರದ ನೀರನ್ನು ಸಿಹಿ ಮಾಡುವ ಯಂತ್ರಗಳು ಹೊರದೇಶದಿಂದ ವಿಮಾನದಲ್ಲಿ ಬಂದವು. ಮರುವರ್ಷವೇ ಅವರು ಹವಾಮಾನ ಬದಲಾವಣೆಗೆಂದು ರಾಷ್ಟ್ರೀಯ ನೀತಿಯೊಂದನ್ನು ಬರೆದರು. 'ಟೆ ಕನಿವ' ಎಂದು ಅದರ ಹೆಸರು. ಜನರ ರಕ್ಷಣೆಯ ಜೊತೆಗೆ ದೇಶದ ಸ್ವಾತಂತ್ರ್ಯ ಉಳಿಯಬೇಕೆಂಬುದನ್ನೂ ಅದರಲ್ಲಿ ಸೇರಿಸಿದರು.

ಪಕ್ಕದ ಕಿರಿಬಾಸ್ ದೇಶದವರು ಬೇರೆ ದಾರಿ ಹಿಡಿದರು. 2014ರಲ್ಲಿ ಫಿಜಿಯಲ್ಲಿ ಸುಮಾರು 20 ಚದರ ಕಿಲೋಮೀಟರು ಜಮೀನು ಕೊಂಡರು. ಮಾರಿದ್ದು ಇಂಗ್ಲೆಂಡಿನ ಚರ್ಚು. ಆ ಜಮೀನಿನಲ್ಲಿ ಮೊದಲಿನಿಂದ ವಾಸವಾಗಿದ್ದ ಬಡಜನರೂ ಇದ್ದರೆಂಬುದನ್ನು, ಚರ್ಚಿನವರಾದ ನಾವು ಮರೆಯಬಾರದು. 2016ರಲ್ಲಿ ಬಂದ ಹೊಸ ಸರ್ಕಾರ, ಊರು ಬಿಟ್ಟು ಹೋಗುವ ಮಾತನ್ನೇ ಬದಿಗಿಟ್ಟಿತು. ಯೋಜನೆ ಬರೆಯುವವರು ಬದಲಾದರೆ ಯೋಜನೆಯೂ ಬದಲಾಗುತ್ತದೆ ಎಂಬುದಕ್ಕೆ ಇದೊಂದೇ ಸಾಕು.

ಸಮುದ್ರ ನೋಡದ ಹೊಸೂರಿನವರಿಗೆ ಇದೆಲ್ಲ ಏಕೆ ಎಂದು ಕೆಲವರು ಕೇಳಿದರು. ಊತಂಗರೆಯವರನ್ನು ಕೇಳಿ ಎಂದೆವು. 2024ರ ನವೆಂಬರಿನ ಕೊನೆಯಲ್ಲಿ ಫೆಂಗಲ್ ಚಂಡಮಾರುತ ಪುದುಚೇರಿಯ ಬಳಿ ದಡ ಹತ್ತಿ ಒಳನಾಡಿಗೆ ಬಂತು. ಸಮುದ್ರದಿಂದ ನೂರು ಕಿಲೋಮೀಟರಿಗೂ ದೂರದ ಊತಂಗರೆಯಲ್ಲಿ ಒಂದೇ ದಿನದಲ್ಲಿ ಸುಮಾರು 50 ಸೆಂಟಿಮೀಟರು ಮಳೆ ಸುರಿಯಿತು. ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಬೀಳುವ ಮಳೆಯ ಅರ್ಧಕ್ಕೂ ಮಿಕ್ಕಿದ್ದು! ಕೆರೆ ಉಕ್ಕಿ, ಬಸ್ ನಿಲ್ದಾಣದ ಹತ್ತಿರ ನಿಲ್ಲಿಸಿದ್ದ ವ್ಯಾನು, ಕಾರುಗಳು ಆಟದ ಸಾಮಾನಿನಂತೆ ಕೊಚ್ಚಿಹೋದವು.

ಅದೇ ವರ್ಷದ ಬೇಸಿಗೆಯ ಸೆಖೆ ನಿಮಗೆ ನೆನಪಿರಬೇಕು. ಆ ಅಕ್ಟೋಬರಿನಲ್ಲಿ ತಮಿಳುನಾಡು ಸರ್ಕಾರ ಬಿಸಿಗಾಳಿಯನ್ನು ರಾಜ್ಯದ ವಿಪತ್ತುಗಳ ಪಟ್ಟಿಗೆ ಸೇರಿಸಿ, ಅದರಿಂದ ಸತ್ತವರ ಕುಟುಂಬಕ್ಕೆ 4 ಲಕ್ಷ ರೂಪಾಯಿ ಎಂದಿತು. ಒಳ್ಳೆಯ ಕೆಲಸವೇ. ಆದರೆ ಎರಕದ ಕುಲುಮೆಯ ಮುಂದೆ ಎಂಟು ಗಂಟೆ ನಿಂತು ಕುಸಿದವನು ಬಿಸಿಲಿಗೆ ಸತ್ತನೋ, ಕುಲುಮೆಗೆ ಸತ್ತನೋ? ಕಾಗದದಲ್ಲಿ ಬರೆಯುವವರು ಯಾರು? ಕಲ್ಲು ಕ್ವಾರಿಯಲ್ಲಿ ದಿನಗೂಲಿಗೆ ಬಂದ ಒಡಿಶಾ, ಬಿಹಾರದ ಹುಡುಗನ ಹೆಸರು ಯಾವ ಪಟ್ಟಿಯಲ್ಲಿದೆ? ಸತ್ತ ಮೇಲಿನ ಹಣಕ್ಕಿಂತ ಮಧ್ಯಾಹ್ನದ ಎರಡು ಗಂಟೆಯ ನೆರಳು ಅಗ್ಗ. 250ಕ್ಕಿಂತ ಹೆಚ್ಚು ಜನ ದುಡಿಯುವಲ್ಲಿ ಬೇಸಿಗೆಯಲ್ಲಿ ತಂಪು ನೀರು ಕೊಡಬೇಕೆಂದು 1948ರ ಕಾರ್ಖಾನೆ ಕಾಯ್ದೆಯಲ್ಲೇ ಬರೆದಿತ್ತು. ಗುತ್ತಿಗೆಯವರು ಆ ನೀರಿನ ಕೊಳಾಯಿಯವರೆಗೆ ಹೋಗಲು ಮೇಸ್ತ್ರಿಯ ಮುಖ ನೋಡಬೇಕಾದ ಜಾಗಗಳನ್ನು ನಾವು ಕಂಡಿದ್ದೇವೆ.

ಇನ್ನು ನೀರು. ನಂದಿಬೆಟ್ಟದ ಕಡೆ ಹುಟ್ಟಿದ ದಕ್ಷಿಣ ಪಿನಾಕಿನಿ, ಬೆಂಗಳೂರಿನ ಕೊಳಚೆಯನ್ನೆಲ್ಲ ಹೊತ್ತು ಕೆಲವರಪಳ್ಳಿ ಅಣೆಕಟ್ಟಿಗೆ ಬರುತ್ತಾಳೆ. ಮಳೆ ಬಂದಾಗ ಬೆಳ್ಳನೆಯ ನೊರೆ ರಸ್ತೆಗೇ ಏರುತ್ತದೆ. ಕರ್ನಾಟಕವನ್ನು ಕೇಳಿದರೆ ಅತ್ತ, ತಮಿಳುನಾಡನ್ನು ಕೇಳಿದರೆ ಇತ್ತ. ಕನ್ನಡ ಮಾತಾಡಿ ತಮಿಳು ನಾಡಿನಲ್ಲಿ ತೆರಿಗೆ ಕಟ್ಟುವ ನಮಗೆ ಈ ಆಟ ಹೊಸದಲ್ಲ. ಆದರೂ ಫ್ಲೋರೈಡ್ ನೀರಿನಿಂದ ಹಲ್ಲು, ಮೂಳೆ ಕೆಟ್ಟ ನಮ್ಮ ಕೃಷ್ಣಗಿರಿ, ಧರ್ಮಪುರಿ ಜಿಲ್ಲೆಗಳಿಗೆ ಜಪಾನಿನ ಸಾಲದಿಂದ ಹೊಗೇನಕಲ್ ನೀರು 2013ರಲ್ಲಿ ಬಂತಲ್ಲವೇ? ವರ್ಷಗಟ್ಟಲೆ ಕೇಳಿದ್ದರಿಂದ ಬಂತು.

ದೆಹಲಿಯಲ್ಲಿ 2008ರಲ್ಲೇ ಎಂಟು ಮಿಷನ್‌ಗಳ ರಾಷ್ಟ್ರೀಯ ಯೋಜನೆಯಾಯಿತು. 2022ರಲ್ಲಿ ನಮ್ಮ ರಾಜ್ಯ ಹವಾಮಾನ ಬದಲಾವಣೆ ಮಿಷನ್ ತೆರೆದು, ಪ್ರತಿ ಜಿಲ್ಲೆಗೂ ಒಂದನ್ನು ಕೊಟ್ಟಿತು. ಅದರ ಮುಖ್ಯಸ್ಥರು ಕಲೆಕ್ಟರು. ಅವರ ಜೊತೆ ಅರಣ್ಯಾಧಿಕಾರಿ. ಮರ ನೆಡುವ ಮಾತು ಅಲ್ಲಿ ಸುಲಭವಾಗಿ ಬರುತ್ತದೆ, ಬರಲಿ. ಕುಲುಮೆಯ ಮಾತು ತಾನಾಗಿ ಬರುವುದಿಲ್ಲ. ಅದನ್ನು ಹೊತ್ತುಕೊಂಡು ಹೋಗಬೇಕು.

ಆದಕಾರಣ ಕಲೆಕ್ಟರಿಗೆ ಕೊಡಲು ಮನವಿಯೊಂದನ್ನು ಬರೆದಿದ್ದೇವೆ. ಬೇಸಿಗೆಯಲ್ಲಿ ಪಾಳಿಯ ಹೊತ್ತು ಬದಲಿಸಬೇಕು, ಗುತ್ತಿಗೆಯವರಿಗೂ ನೀರು ನೆರಳು ಬೇಕು, ತಗ್ಗಿನ ಲೈನ್ ಮನೆಗಳಿಗೆ ಮಳೆಯ ಎಚ್ಚರಿಕೆ ಅವರವರ ಭಾಷೆಯಲ್ಲಿ ಮುಟ್ಟಬೇಕು, ಜಿಲ್ಲೆಯ ಸಭೆಯಲ್ಲಿ ಕೆಲಸಗಾರರಿಗೂ ಸ್ಥಾನವಿರಬೇಕು. ತಮಿಳು, ಕನ್ನಡ, ತೆಲುಗು ಮೂರರಲ್ಲೂ ಇದೆ. ಹಿಂದಿಯಲ್ಲಿ ಬರೆಯಬಲ್ಲವರು ಯಾರಾದರೂ ಇದ್ದರೆ ಸಭೆ ಮುಗಿದ ಮೇಲೆ ನಿಲ್ಲಿ. ಸಹಿಯ ಪುಸ್ತಕ ಬಾಗಿಲ ಹತ್ತಿರದ ಮೇಜಿನ ಮೇಲಿದೆ.