ಥೆಟಿಸ್ ಕಡತ: ಒಂದು ಜಲಾಂತರ್ಗಾಮಿ, ಒಂದು ದಾವೆ, ಸರ್ಕಾರದ ಗುಟ್ಟು

ಈ ದತ್ತಿ ಉಪನ್ಯಾಸಕ್ಕೆ ಹೆಸರಾದ ಹಿರಿಯರು ಜಾಲಹಳ್ಳಿಯ ಕಾರ್ಖಾನೆಯೊಂದರ ತಪಾಸಣಾ ವಿಭಾಗದಲ್ಲಿ ಆಯಸ್ಸು ಸವೆಸಿದವರು. ಅಲ್ಲಿದ್ದಾಗಲೇ ಸಂಜೆ ಕಾಲೇಜಿನಲ್ಲಿ ಕಾನೂನು ಓದಿ, ನಿವೃತ್ತಿಯಾದ ಮೇಲೆ ಯಶವಂತಪುರದಲ್ಲಿ ವಕೀಲಿ ಬೋರ್ಡು ಹಾಕಿದವರು. ಅಂಥವರ ಹೆಸರಿನಲ್ಲಿ, ಅವರ ಸಹೋದ್ಯೋಗಿಗಳೂ ಶಿಷ್ಯರೂ ಕೂತಿರುವ ಯಲಹಂಕದ ಈ ಸಭೆಯಲ್ಲಿ ಮಾತಾಡಲು ಕರೆ ಬಂದದ್ದು ಭಾಷಣಕಾರರ ಪಾಲಿಗೆ ದೊಡ್ಡ ಮರ್ಯಾದೆ. ತಪಾಸಣೆ, ಕಾನೂನು ಎರಡೂ ಕೈಕೊಟ್ಟ ಪ್ರಸಂಗವೊಂದನ್ನು ಇವತ್ತಿನ ವಿಷಯವಾಗಿ ಆರಿಸಿಕೊಂಡಿರುವುದಕ್ಕೆ ಹಿರಿಯರ ಈ ಎರಡು ಕಸುಬುಗಳೇ ಕಾರಣ.

ಹಡಗಿನ ಕತೆಯನ್ನು ಬೇಗ ಮುಗಿಸಬಹುದು. ಆಸಕ್ತರಿಗೆ ಅದರ ಮೇಲೆ ಬೇಕಾದಷ್ಟು ಪುಸ್ತಕಗಳಿವೆ. ಎಚ್‌ಎಂಎಸ್ ಥೆಟಿಸ್ ಬ್ರಿಟಿಷ್ ನೌಕಾಪಡೆಯ ಟಿ ವರ್ಗದ ಜಲಾಂತರ್ಗಾಮಿ. ಕಟ್ಟಿದ್ದು ಬರ್ಕನ್‌ಹೆಡ್‌ನ ಕ್ಯಾಮೆಲ್ ಲೈರ್ಡ್ ಕಂಪನಿ. 1939ರ ಜೂನ್ 1ರಂದು ಲಿವರ್‌ಪೂಲ್ ಕೊಲ್ಲಿಯಲ್ಲಿ ಮುಳುಗು ಪರೀಕ್ಷೆಗೆ ಹೊರಟಾಗ ಅದರಲ್ಲಿದ್ದವರು 103 ಮಂದಿ. ನೌಕಾಪಡೆಯವರ ಜೊತೆಗೆ ಕಾರ್ಖಾನೆಯ ಕೆಲಸಗಾರರು, ಎಂಜಿನಿಯರುಗಳು, ಊಟ ಬಡಿಸುವವರು ಕೂಡ ಹತ್ತಿದ್ದರು. ಮಧ್ಯಾಹ್ನ ಮುಳುಗಿದ ಹಡಗು ಮೇಲೆ ಬರಲಿಲ್ಲ. ಮೂತಿ ಸಮುದ್ರದ ತಳಕ್ಕೆ ನಾಟಿಕೊಂಡಿತು. ಮರುದಿನ ಬೆಳಿಗ್ಗೆ ಬಾಲ ಮಾತ್ರ ನೀರಿನಿಂದ ಹಲವು ಅಡಿ ಮೇಲೆದ್ದು ಕಾಣಿಸಿತು. ಉಸಿರಾಟದ ಉಪಕರಣ ಕಟ್ಟಿಕೊಂಡು ಪಾರಾದವರು ನಾಲ್ವರು. ಉಳಿದ 99 ಜನ ಒಳಗೇ ಸತ್ತರು. ಬಹುಪಾಲು ಜನರನ್ನು ಕೊಂದದ್ದು ಒಳಗಿನ ಕೆಟ್ಟ ಗಾಳಿ.

ಹಡಗನ್ನು ಮೇಲೆತ್ತಿ ಆಂಗಲ್‌ಸಿ ದ್ವೀಪದ ಮೊಯೆಲ್ಫ್ರೆ ದಡಕ್ಕೆ ಎಳೆದು ತಂದದ್ದು ಸೆಪ್ಟೆಂಬರ್ 3ರಂದು. ಬ್ರಿಟನ್ ಜರ್ಮನಿಯ ಮೇಲೆ ಯುದ್ಧ ಸಾರಿದ್ದೂ ಅವತ್ತೇ. ಯುದ್ಧಕಾಲದಲ್ಲಿ ಹಡಗನ್ನು ಗುಜರಿಗೆ ಹಾಕುವವರು ಯಾರು? ದುರಸ್ತಿ ಮಾಡಿ, ಥಂಡರ್‌ಬೋಲ್ಟ್ ಎಂದು ಹೊಸ ಹೆಸರಿಟ್ಟು, 1940ರ ಅಕ್ಟೋಬರ್‌ನಲ್ಲಿ ಸೇವೆಗೆ ಇಳಿಸಿದರು. ಕಮಾಂಡರ್ ಸೆಸಿಲ್ ಕ್ರೌಚ್. ಅದೇ ಡಿಸೆಂಬರ್ 15ರಂದು ಬಿಸ್ಕೆ ಕೊಲ್ಲಿಯಲ್ಲಿ ಇಟಲಿಯ ಜಲಾಂತರ್ಗಾಮಿ ಟರಾಂಟಿನಿಯನ್ನು ಇದು ಹೊಡೆದು ಮುಳುಗಿಸಿತು. ಮುಂದೆ ಅಟ್ಲಾಂಟಿಕ್‌ನಲ್ಲಿ ಬೆಂಗಾವಲು ಮಾಡಿ ಮೆಡಿಟರೇನಿಯನ್‌ಗೆ ಹೋಯಿತು. 1943ರ ಜನವರಿಯಲ್ಲಿ ಪಲೆರ್ಮೊ ಬಂದರಿನ ಮೇಲೆ ನಡೆದ ದಾಳಿಯಲ್ಲಿ, ಇಬ್ಬಿಬ್ಬರು ಸವಾರಿ ಮಾಡುವ 'ಚಾರಿಯಟ್' ಟಾರ್ಪೆಡೊಗಳನ್ನು ಬೆನ್ನ ಮೇಲೆ ಹೊತ್ತು ತಂದ ಹಡಗುಗಳಲ್ಲಿ ಇದೂ ಒಂದು. ಆ ದಾಳಿಯಲ್ಲಿ ಇಟಲಿಯ ಹೊಸ ಕ್ರೂಸರ್ ಉಲ್ಪಿಯೊ ಟ್ರಾಯಾನೊ ಬಂದರಿನಲ್ಲೇ ಮುಳುಗಿತು. ಎರಡು ತಿಂಗಳ ಮೇಲೆ, ಮಾರ್ಚ್ 14ರಂದು, ಸಿಸಿಲಿಯ ಸ್ಯಾನ್ ವಿಟೊ ಭೂಶಿರದ ಬಳಿ ಇಟಲಿಯ ಚಿಕೋನ್ಯಾ ಎಂಬ ಕಾವಲು ಹಡಗು ಥಂಡರ್‌ಬೋಲ್ಟನ್ನು ಪತ್ತೆ ಹಚ್ಚಿ ಡೆಪ್ತ್ ಚಾರ್ಜ್ ಸುರಿಯಿತು. ಚಿಕೋನ್ಯಾದ ಕಮಾಂಡರ್ ಹಿಂದೆ ತಾನೇ ಜಲಾಂತರ್ಗಾಮಿಯಲ್ಲಿ ದುಡಿದವನು. ನೀರಿನಡಿಯವರ ಲೆಕ್ಕಾಚಾರ ಅವನಿಗೆ ಗೊತ್ತಿತ್ತು. ಈ ಸಲ ಒಬ್ಬರೂ ಉಳಿಯಲಿಲ್ಲ.

ಇಷ್ಟು ಪೀಠಿಕೆ. ಇನ್ನು ತಕರಾರಿಗೆ ಬರೋಣ.

ಮೊದಲ ತಕರಾರು: 1939ರಲ್ಲಿ ನೀರು ಒಳಗೆ ಬಂದದ್ದು ಹೇಗೆ? ಥೆಟಿಸ್‌ನ ಮೂತಿಯಲ್ಲಿ ಒಳಗಡೆಯಿಂದ ತೆರೆಯುವ ಆರು ಟಾರ್ಪೆಡೊ ಕೊಳವೆಗಳಿದ್ದವು. ಕೊಳವೆಯ ಹೊರತುದಿಗೆ ಒಂದು ಮುಚ್ಚಳ, ಒಳತುದಿಗೆ ಒಂದು ಬಾಗಿಲು. ಎರಡೂ ಒಟ್ಟಿಗೆ ತೆರೆದರೆ ಕಡಲಿಗೇ ಕಿಟಕಿ ತೆರೆದ ಹಾಗೆ. ಇದನ್ನು ತಪ್ಪಿಸಲೆಂದೇ ಒಳಬಾಗಿಲಿನಲ್ಲಿ ಪುಟ್ಟ ಟೆಸ್ಟ್ ಕಾಕ್ ಇತ್ತು. ಅದರ ಹಿಡಿ ತಿರುಗಿಸಿದರೆ, ಕೊಳವೆಯಲ್ಲಿ ನೀರಿದ್ದಲ್ಲಿ ಸಣ್ಣ ಧಾರೆಯಾಗಿ ಹೊರಗೆ ಬರಬೇಕು. ಅವತ್ತು ಟಾರ್ಪೆಡೊ ಅಧಿಕಾರಿ ಲೆಫ್ಟಿನೆಂಟ್ ಫ್ರೆಡರಿಕ್ ವುಡ್ಸ್ ಐದನೇ ಕೊಳವೆಯ ಕಾಕ್ ತಿರುಗಿಸಿದಾಗ ಹನಿಯೂ ಬರಲಿಲ್ಲ. ಕೊಳವೆ ಖಾಲಿ ಎಂದುಕೊಂಡು ಬಾಗಿಲು ತೆಗೆಸಿದರು. ಕೊಳವೆಯ ತುಂಬ ನೀರಿತ್ತು, ಹೊರಮುಚ್ಚಳವೂ ತೆರೆದೇ ಇತ್ತು. ಕೊಳವೆಯ ಒಳಮೈಗೆ ಬಳಿದಿದ್ದ ಬಿಟುಮೆನ್ ಎನಾಮೆಲ್ ಕಾಕಿನ ತೂತಿನೊಳಕ್ಕೂ ಹೋಗಿ ಗಟ್ಟಿಯಾಗಿ ಕೂತಿತ್ತು. ಸಮುದ್ರವೇ ಎದುರಿಗಿದ್ದರೂ ಆ ತೂತಿನಿಂದ ಒಂದು ಹನಿ ಈಚೆ ಬರುವಂತಿರಲಿಲ್ಲ. ತೂತು ಚುಚ್ಚಿ ನೋಡಲು ರೈಮರ್ ಎಂಬ ಕಡ್ಡಿಯೊಂದಿತ್ತು. ಅದನ್ನು ಯಾರೂ ಬಳಸಲಿಲ್ಲ.

ಒಂದು ಪಕ್ಷದ ಇತಿಹಾಸಕಾರರು ಇಲ್ಲಿಗೇ ನಿಂತು ವುಡ್ಸ್‌ ಕಡೆ ಬೆರಳು ತೋರಿಸುತ್ತಾರೆ. ಇನ್ನೊಂದು ಪಕ್ಷ ಪೇಂಟು ಬಳಿದ ಗುತ್ತಿಗೆದಾರರ ಕಡೆಗೆ. ಎರಡೂ ವಾದ ಅರ್ಧಕ್ಕೇ ಮುಗಿಯುತ್ತವೆ. ಹೊರಮುಚ್ಚಳಗಳ ಸ್ಥಿತಿ ತೋರಿಸುವ ಡಯಲ್‌ಗಳಲ್ಲಿ 'ಮುಚ್ಚಿದೆ' ಎಂಬ ಗುರುತು ಎಲ್ಲ ಕೊಳವೆಗೂ ಒಂದೇ ದಿಕ್ಕಿನಲ್ಲಿರಲಿಲ್ಲ. ಇದು ವಿನ್ಯಾಸದವರ ಪಾಲು. ಪೇಂಟು ಬಳಿದಾದ ಮೇಲೆ ತೂತು ತೆರೆದಿದೆಯೇ ಎಂದು ನೋಡಿ ಸಹಿ ಹಾಕಬೇಕಾದವರು ನೋಡಲಿಲ್ಲ. ಇದು ತಪಾಸಣೆಯವರ ಪಾಲು. ನೀರು ನುಗ್ಗಿದ ಮೇಲೆ ಅಡ್ಡಗೋಡೆಯ ಬಾಗಿಲು ಮುಚ್ಚಹೋದರೆ ಅದರ ಬಿಗಿಯುವ ತಿರುಪುಗಳಲ್ಲೊಂದು ಬಾಗಿಲು, ಚೌಕಟ್ಟುಗಳ ನಡುವೆ ಸಿಕ್ಕಿಕೊಂಡು, ಎರಡನೇ ಕೋಣೆಯೂ ತುಂಬಿತು. ಒಬ್ಬ ಲೆಫ್ಟಿನೆಂಟನ ತಲೆಗೆ ಇಷ್ಟನ್ನೂ ಕಟ್ಟುವುದು ಸುಲಭದ ನ್ಯಾಯ. ದತ್ತಿಯ ಹಿರಿಯರ ಕೈಗೆ ಈ ಕಡತ ಸಿಕ್ಕಿದ್ದರೆ ಅವರು ಮೊದಲು ಕೇಳುತ್ತಿದ್ದದ್ದು ಪೇಂಟಿನ ನಂತರದ ತಪಾಸಣಾ ಚೀಟಿಯನ್ನೇ ಎಂದು ಅವರ ಜೊತೆ ದುಡಿದವರು ಇಲ್ಲಿ ನಗುತ್ತಾ ತಲೆಯಾಡಿಸುತ್ತಿದ್ದಾರೆ.

ನೌಕಾಪಡೆಯಂತೂ ತನ್ನ ಪಾಠ ಕಲಿತಿತು. ಟಾರ್ಪೆಡೊ ಕೊಳವೆಯ ಒಳಬಾಗಿಲು ಮೊದಲಿಗೆ ಕೂದಲೆಳೆಯಷ್ಟೇ ತೆರೆದು ನಿಲ್ಲುವಂತೆ ಮಾಡುವ ಕೊಂಡಿಯೊಂದು ಬಂತು. ಅದರ ಹೆಸರೇ 'ಥೆಟಿಸ್ ಕ್ಲಿಪ್'.

ಎರಡನೆಯ ತಕರಾರು ರಕ್ಷಣೆಯ ವಿಳಂಬದ್ದು. ಜೊತೆಯಲ್ಲಿದ್ದ ಟಗ್ ಹಡಗಿನ ಅಧಿಕಾರಿ ಅನುಮಾನಗೊಂಡು ಕಳಿಸಿದ ತಂತಿ, ಹಂಚುವ ಹುಡುಗನ ಸೈಕಲ್ ಪಂಕ್ಚರ್ ಆಗಿ ತಡವಾಗಿ ತಲುಪಿತೆಂಬ ಕತೆಯನ್ನು ಎಲ್ಲರೂ ಚಪ್ಪರಿಸಿ ಹೇಳುತ್ತಾರೆ. ಪಂಕ್ಚರ್ ನಿಜ. ಆದರೆ ಬೆಳಕಿಗೆ ಬಂದ ಬಾಲದ ಸುತ್ತ ಹಡಗುಗಳು ನೆರೆದ ಮೇಲೂ ಒಳಗಿನವರನ್ನು ಹೊರತೆಗೆಯಲಾಗಲಿಲ್ಲ. ಉಕ್ಕಿನ ಮೈಯನ್ನು ಕೊರೆದು ತೂತು ಮಾಡುವ ತೀರ್ಮಾನ ತಡವಾಯಿತು, ಅಷ್ಟರಲ್ಲಿ ಬಾಲ ಮತ್ತೆ ಮುಳುಗಿತು. ಆ ಗಂಟೆಗಳ ಲೆಕ್ಕ ಕೊಡಬೇಕಾದವರು ಯಾರೆಂಬ ಪ್ರಶ್ನೆಯನ್ನು ಸೈಕಲ್ ಹುಡುಗನ ಕತೆ ಸಲೀಸಾಗಿ ಮರೆಸಿಬಿಡುತ್ತದೆ.

ಮೂರನೆಯದಕ್ಕೇ ಈ ಉಪನ್ಯಾಸದ ಹೆಚ್ಚಿನ ಹೊತ್ತು ಮೀಸಲು. ಸತ್ತವರ ಅವಲಂಬಿತರು ಪರಿಹಾರಕ್ಕಾಗಿ ಹಡಗು ಕಟ್ಟಿದ ಕಂಪನಿಯ ಮೇಲೂ ಇತರರ ಮೇಲೂ ದಾವೆ ಹೂಡಿದರು. ಹಡಗಿನ ನಕ್ಷೆ, ಗುತ್ತಿಗೆ ಪತ್ರ, ಮೇಲೆತ್ತಿದಾಗಿನ ಸ್ಥಿತಿಯ ವರದಿಗಳನ್ನು ಹಾಜರುಪಡಿಸಿ ಎಂದು ಕೇಳಿದರು. ನೌಕಾ ಇಲಾಖೆಯ ಸಚಿವ ಎ.ವಿ. ಅಲೆಕ್ಸಾಂಡರ್ ಅಫಿಡವಿಟ್ ಹಾಕಿದರು: ಕೊಟ್ಟರೆ ಸಾರ್ವಜನಿಕ ಹಿತಕ್ಕೆ ಧಕ್ಕೆ. ಅದು 'ಡಂಕನ್ ವರ್ಸಸ್ ಕ್ಯಾಮೆಲ್ ಲೈರ್ಡ್' ಪ್ರಕರಣ. 1942ರಲ್ಲಿ ಹೌಸ್ ಆಫ್ ಲಾರ್ಡ್ಸ್‌ನ ಏಳು ನ್ಯಾಯಾಧೀಶರ ಪರವಾಗಿ ವೈಕೌಂಟ್ ಸೈಮನ್ ತೀರ್ಪು ಕೊಟ್ಟರು. ಸಚಿವರು ಕ್ರಮಬದ್ಧವಾಗಿ ಆಕ್ಷೇಪಿಸಿದರೆ ಕೋರ್ಟು ಅದನ್ನೇ ಅಂತಿಮವೆಂದು ಒಪ್ಪಬೇಕು, ಕಾಗದ ತರಿಸಿ ನೋಡುವಂತಿಲ್ಲ ಎಂಬುದು ಅದರ ಸಾರ. ಕಾಗದ ಸಿಗದ ಕುಟುಂಬಗಳು ದಾವೆ ಮುಂದುವರಿಸಿದವು. 1946ರಲ್ಲಿ ಪ್ರಕರಣ ಮತ್ತೆ ಹೌಸ್ ಆಫ್ ಲಾರ್ಡ್ಸ್‌ನ ಕಟ್ಟೆ ಹತ್ತಿದಾಗ ಯಾರ ಮೇಲೂ ಹೊಣೆ ನಿಲ್ಲಲಿಲ್ಲ. ಅಷ್ಟು ಹೊತ್ತಿಗೆ ಹಡಗು ಎರಡನೇ ಸಲ ಮುಳುಗಿ ಮೂರು ವರ್ಷವಾಗಿತ್ತು.

ತೀರ್ಪನ್ನು ಸಮರ್ಥಿಸುವವರ ವಾದ ಗಟ್ಟಿಯಾಗಿಯೇ ಇದೆ. 1942ರಲ್ಲಿ ಅದೇ ಹಡಗು ಥಂಡರ್‌ಬೋಲ್ಟ್ ಎಂಬ ಹೆಸರಿನಲ್ಲಿ ಸಮರದಲ್ಲಿತ್ತು, ಅದರ ಅಕ್ಕತಂಗಿಯರೂ ಇದ್ದರು. ಟಿ ವರ್ಗದ ನಕ್ಷೆ ಬರ್ಲಿನ್ ತಲುಪಿದರೆ ಸಾಯುವವರು ನಾವಿಕರೇ. ಇಷ್ಟನ್ನು ಒಪ್ಪದವರು ಯುದ್ಧವನ್ನು ಸಿನಿಮಾದಲ್ಲಿ ಮಾತ್ರ ನೋಡಿದವರು.

ಆದರೆ ಈ ವಾದ ಹೊಲಿಗೆ ಬಿಡುವ ಜಾಗ ಒಂದಿದೆ. ನ್ಯಾಯಮೂರ್ತಿ ಬಕ್‌ನಿಲ್ ಅವರ ವಿಚಾರಣಾ ಮಂಡಳಿ 1939ರಲ್ಲೇ ಕೊಳವೆ, ಕಾಕ್, ಮುಚ್ಚಳಗಳನ್ನೆಲ್ಲ ಪರಿಶೀಲಿಸಿತ್ತು. ಅದರ ವರದಿಯನ್ನು ಸರ್ಕಾರವೇ 1940ರಲ್ಲಿ ಅಚ್ಚು ಹಾಕಿಸಿ ಮಾರಿತ್ತು. ಮಂಡಳಿಯ ಮುಂದೆ ಬಂದ ಕಾಗದ ಕೋರ್ಟಿಗೆ ಏಕೆ ಬರಬಾರದು ಎಂಬ ಪ್ರಶ್ನೆ ಎದ್ದಾಗ, ಅಲ್ಲಿ ವಿಶೇಷ ಮುನ್ನೆಚ್ಚರಿಕೆ ವಹಿಸಿದ್ದಿರಬಹುದು ಎಂಬಂಥ ಉತ್ತರದಲ್ಲಿ ಸೈಮನ್ ದಾಟಿಹೋದರು. ಕೋರ್ಟೂ ಅಂಥದೇ ಮುನ್ನೆಚ್ಚರಿಕೆ ವಹಿಸಬಹುದಿತ್ತಲ್ಲ? ಬಾಗಿಲು ಮುಚ್ಚಿ ಒಬ್ಬ ನ್ಯಾಯಾಧೀಶ ನಕ್ಷೆ ನೋಡಿದರೆ ಅದು ಬರ್ಲಿನ್‌ಗೆ ಹೋಗುವುದಿಲ್ಲ. ಇನ್ನೂ ಕೆಟ್ಟದ್ದು ಮುಂದಿದೆ. ನಕ್ಷೆಯ ಗುಟ್ಟು ಕಾಯಲು ಸಾಲುವಷ್ಟು ನಿಯಮ ಬರೆದು ಸೈಮನ್ ನಿಲ್ಲಿಸಲಿಲ್ಲ. ಕಾಗದದ ಒಳಗೇನಿದ್ದರೂ ಸರಿ, ಅದು ಇಂಥ 'ವರ್ಗ'ಕ್ಕೆ ಸೇರಿದ್ದು ಎಂದರೆ ಸಾಕು, ಮುಚ್ಚಿಡಬಹುದು ಎಂಬ ಎರಡನೇ ಬಾಗಿಲನ್ನೂ ತೆರೆದರು. ಯುದ್ಧ ಮುಗಿದ ಮೇಲೆ ಇಲಾಖೆಗಳು ನುಗ್ಗಿದ್ದು ಆ ಬಾಗಿಲಿನಿಂದ.

ಸ್ಕಾಟ್ಲೆಂಡಿಗೆ ಈ ನಿಯಮ ಅನ್ವಯಿಸದೆಂದು 1956ರಲ್ಲಿ ಅದೇ ಲಾರ್ಡ್ಸ್ ಹೇಳಿದರು. 1968ರಲ್ಲಿ 'ಕಾನ್ವೇ ವರ್ಸಸ್ ರಿಮ್ಮರ್' ಬಂತು. ಟಾರ್ಚ್ ಕದ್ದ ಆರೋಪದಿಂದ ಬಿಡುಗಡೆಯಾದ ಒಬ್ಬ ಪೊಲೀಸ್ ಪೇದೆ ತನ್ನ ಬಗೆಗಿನ ವರದಿಗಳನ್ನು ಕೇಳಿದ್ದ. ನ್ಯಾಯಾಧೀಶರು ಕಾಗದ ತರಿಸಿ ತಾವೇ ಓದಿ, ಕೊಡಿ ಎಂದರು. ಡಂಕನ್ ಪ್ರಕರಣದ ಫಲಿತಾಂಶ ಸರಿ, ಅದರಲ್ಲಿ ಬರೆದ ನಿಯಮ ಅತಿಯಾಯಿತು ಎಂಬ ಅವರ ನಿಲುವಿಗೇ ಈ ಉಪನ್ಯಾಸದ ಒಲವೂ ಇದೆ.

ಭಾರತದ ಮಟ್ಟಿಗೆ ಇದು ದೂರದ ಕತೆಯೆನ್ನುವ ವಕೀಲ ಮಿತ್ರರಿಗೆ ಮೂರು ಪ್ರಕರಣ ಸಾಕು. 1872ರ ಸಾಕ್ಷ್ಯ ಅಧಿನಿಯಮದ 123ನೇ ಕಲಂ, ರಾಜ್ಯದ ವ್ಯವಹಾರದ ಅಪ್ರಕಟಿತ ದಾಖಲೆಗೆ ಇಲಾಖೆಯ ಮುಖ್ಯಸ್ಥರ ಅನುಮತಿ ಬೇಕೆಂದಿತ್ತು. 162ನೇ ಕಲಂ, ರಾಜ್ಯದ ವಿಷಯವಲ್ಲದಿದ್ದರೆ ಕೋರ್ಟು ದಾಖಲೆ ನೋಡಬಹುದೆಂದಿತ್ತು. ಹಿಂದಿನ ಪೆಪ್ಸು (ಪಟಿಯಾಲಾ ಮತ್ತು ಪೂರ್ವ ಪಂಜಾಬ್ ಒಕ್ಕೂಟ) ರಾಜ್ಯದಲ್ಲಿ ಕೆಲಸ ಕಳೆದುಕೊಂಡ ಜಿಲ್ಲಾ ನ್ಯಾಯಾಧೀಶ ಸೋಧಿ ಸುಖದೇವ್ ಸಿಂಗ್ ತಮ್ಮ ಕಡತ ಕೇಳಿದಾಗ, ಸುಪ್ರೀಂ ಕೋರ್ಟಿನ ಬಹುಮತದ ತೀರ್ಪು ಬರೆದವರು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದ ಪಿ.ಬಿ. ಗಜೇಂದ್ರಗಡ್ಕರ್. ಡಂಕನ್‌ನಷ್ಟು ದೂರ ಹೋಗದೆ, ದಾಖಲೆ ಯಾವ ಬಗೆಯದೆಂದು ವಿಚಾರಿಸುವ ಅಧಿಕಾರ ಕೋರ್ಟಿಗಿದೆ ಎಂದರು. ಅದನ್ನು ತೆರೆದು ಓದುವ ಅಧಿಕಾರವನ್ನು ಮಾತ್ರ ಬಿಟ್ಟುಕೊಟ್ಟರು. 1975ರ ರಾಜ್ ನಾರಾಯಣ್ ಪ್ರಕರಣದಲ್ಲಿ, ಪ್ರಧಾನಿಯ ಪ್ರವಾಸ ಭದ್ರತೆಯ 'ಬ್ಲೂ ಬುಕ್' ಸುತ್ತ ನಡೆದ ಜಗಳದಲ್ಲಿ, ಈ ಗಂಟು ಸಡಿಲವಾಯಿತು. 1981ರ ಎಸ್.ಪಿ. ಗುಪ್ತಾ ಪ್ರಕರಣದಲ್ಲಿ ಏಳು ನ್ಯಾಯಮೂರ್ತಿಗಳ ಪೀಠ ಕಾನೂನು ಸಚಿವರೂ ಮುಖ್ಯ ನ್ಯಾಯಮೂರ್ತಿಗಳೂ ಬರೆದುಕೊಂಡ ಪತ್ರಗಳನ್ನೇ ಬಹುಮತದಿಂದ ಹೊರಗೆ ತರಿಸಿತು. ಆ ಪೀಠದಲ್ಲಿ ಮಂಡ್ಯ ಜಿಲ್ಲೆಯ ಇ.ಎಸ್. ವೆಂಕಟರಾಮಯ್ಯ ಕೂಡ ಇದ್ದರು. ಮುಂದೆ 1989ರಲ್ಲಿ ಅವರೇ ದೇಶದ ಮುಖ್ಯ ನ್ಯಾಯಮೂರ್ತಿಯಾದರು.

ಗುಪ್ತಾ ತೀರ್ಪಿನೊಂದಿಗೆ ಥೆಟಿಸ್‌ನ ನೆರಳು ಭಾರತದಿಂದ ಸರಿದುಹೋಯಿತೆಂದು ಕೆಲವು ಪಠ್ಯಪುಸ್ತಕಗಳು ಬರೆಯುತ್ತವೆ. ಅದು ಅವಸರದ ಮಾತು. 2019ರ ರಫೇಲ್ ಯುದ್ಧವಿಮಾನ ಖರೀದಿ ಪ್ರಕರಣದಲ್ಲಿ ಸರ್ಕಾರ ಮತ್ತೆ ಅದೇ 123ನೇ ಕಲಮನ್ನು ಮುಂದಿಟ್ಟಿತು. ಪತ್ರಿಕೆಯಲ್ಲಿ ಆಗಲೇ ಅಚ್ಚಾದ ದಾಖಲೆಗೆ ಗುಟ್ಟಿನ ರಕ್ಷಣೆ ಇಲ್ಲವೆಂದು ಸುಪ್ರೀಂ ಕೋರ್ಟು ಆಕ್ಷೇಪವನ್ನು ತಳ್ಳಿಹಾಕಿತು. ಬಕ್‌ನಿಲ್ ವರದಿಯ ಬಗ್ಗೆ 1942ರಲ್ಲಿ ಕುಟುಂಬಗಳು ಎತ್ತಿದ್ದ ಪ್ರಶ್ನೆಗೆ ಇದು ಬಹಳ ಹತ್ತಿರದ ಉತ್ತರ. ಮಾಹಿತಿ ಹಕ್ಕಿನ ವಿಷಯದಲ್ಲಂತೂ ಕರ್ನಾಟಕ ಕೇಂದ್ರಕ್ಕಿಂತ ಮುಂಚೆಯೇ, 2000ದಲ್ಲೇ, ತನ್ನ ಕಾಯ್ದೆ ಮಾಡಿತ್ತು. 2005ರ ಕೇಂದ್ರ ಕಾಯ್ದೆಯ 8(2)ನೇ ಕಲಂ, ಹಾನಿಗಿಂತ ಸಾರ್ವಜನಿಕ ಹಿತ ದೊಡ್ಡದಾದರೆ ಗುಟ್ಟಿನ ದಾಖಲೆಯನ್ನೂ ಕೊಡಬಹುದೆನ್ನುತ್ತದೆ.

ಈಗ ಜಾರಿಯಲ್ಲಿರುವುದು 2024ರ ಜುಲೈ 1ರಿಂದ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮ. ಹಳೆಯ 123 ಇಲ್ಲಿ 129 ಆಗಿದೆ, ಮಾತು ಹೆಚ್ಚುಕಡಿಮೆ ಅದೇ. ಆದರೆ ಹಳೆಯ 162ರ ಜಾಗದ 165ನೇ ಕಲಮಿಗೆ ಹೊಸ ಬಾಲವೊಂದು ಸೇರಿದೆ: ಸಚಿವರಿಗೂ ರಾಷ್ಟ್ರಪತಿಗೂ ನಡುವಿನ ಪತ್ರವ್ಯವಹಾರವನ್ನು ಹಾಜರುಪಡಿಸಿ ಎಂದು ಯಾವ ಕೋರ್ಟೂ ಕೇಳುವಂತಿಲ್ಲ. ಇಲ್ಲಿ ಕಾಗದದೊಳಗೆ ಏನಿದೆಯೆಂಬ ಪ್ರಶ್ನೆಯೇ ಏಳುವುದಿಲ್ಲ. ಯಾರು ಯಾರಿಗೆ ಬರೆದರೆಂಬುದಷ್ಟೇ ಸಾಕು. ಸೈಮನ್ ತೆರೆದ ಎರಡನೇ ಬಾಗಿಲು ಸರಿಯಾಗಿ ಇಂಥದ್ದೇ. ಸಭೆಯಲ್ಲಿರುವ ಕಿರಿಯ ವಕೀಲರು ಈ ಪರಂತುಕವನ್ನು ಗುಪ್ತಾ ತೀರ್ಪಿನ ಪಕ್ಕಕ್ಕಿಟ್ಟು ಓದಬೇಕು. ಎರಡೂ ಒಟ್ಟಿಗೆ ನಿಲ್ಲುತ್ತವೆಂದು ವಾದಿಸುವವರು ಬಂದರೆ, ಮುಂದಿನ ವರ್ಷದ ದತ್ತಿ ಉಪನ್ಯಾಸಕ್ಕೆ ಅವರನ್ನೇ ಕರೆಯುವುದು ಒಳ್ಳೆಯದು.