ಚಿಪ್ ಬದಲಿಸುವ ಮುನ್ನ



ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗದಲ್ಲಿ ಎಳೆ ಕಡಿದರೆ ನೇಕಾರರು ಮಗ್ಗ ನಿಲ್ಲಿಸಿ, ಕಡಿದ ಎಳೆ ಹುಡುಕಿ ಗಂಟು ಹಾಕುತ್ತಾರೆ, ಮಗ್ಗವನ್ನೇ ಬದಲಿಸುವುದಿಲ್ಲ. ಪ್ರಾಜೆಕ್ಟ್ ಬೋರ್ಡ್ ನಿಂತರೆ ನಾವು ಮಾತ್ರ ಊಹೆಯ ಮೇಲೆ ಹೊಸ ಚಿಪ್ ಕೊಳ್ಳುತ್ತೇವೆ. ಮನೆಯವರು ದುಡಿದ ಹಣ ಅದು.

ಡಿಬಗ್ಗರ್ ಚಿಪ್ಪನ್ನು ತಡೆದು ನಿಲ್ಲಿಸಿ, ಪ್ರೋಗ್ರಾಂ ಯಾವ ಸಾಲಿನಲ್ಲಿದೆ, ಮೆಮೊರಿಯಲ್ಲಿ ಏನಿದೆ ಎಂದು ತೋರಿಸುತ್ತದೆ. ಬಹುಪಾಲು ಆರ್ಮ್ ಕಾರ್ಟೆಕ್ಸ್-ಎಂ ಚಿಪ್‌ಗಳಿಗೆ 2 ಸಿಗ್ನಲ್ ತಂತಿ, 1 ಗ್ರೌಂಡ್ ತಂತಿ ಸಾಕು. ಮೊದಲು ಗ್ರೌಂಡ್ ಜೋಡಿಸಿ, ವೋಲ್ಟೇಜ್ ಹೊಂದುತ್ತದೆಯೇ ನೋಡಿ. ಸಂಪರ್ಕ ಸಿಗದಿದ್ದರೆ ಕ್ಲಾಕ್ ವೇಗ ತಗ್ಗಿಸಿ.

ಇದಕ್ಕೆ ಬೇಕಾದ ಓಪನ್‌ಒಸಿಡಿ ತಂತ್ರಾಂಶ ಉಚಿತ. 2005ರಲ್ಲಿ ಜರ್ಮನಿಯ ಡೊಮಿನಿಕ್ ರಾಥ್ ಅದನ್ನು ಬರೆದದ್ದು ತನ್ನ ಡಿಪ್ಲೊಮಾ ಪ್ರಬಂಧಕ್ಕಾಗಿ. ಒಬ್ಬ ವಿದ್ಯಾರ್ಥಿ ಕಲಿತದ್ದು ಎಲ್ಲರಿಗೂ ಸಿಕ್ಕಿತು. ನೀವೂ ಕಲಿತದ್ದನ್ನು ಪಕ್ಕದವರಿಗೆ ಕಲಿಸಿ.